ಅನುಮೋದನೆಯ ಪ್ರಶ್ನೆ: ಚಿಪ್ಪಣಬೆಯ ಬೇಸಾಯವನ್ನು ಕುರಿತು

ಶ್ರಾವಕಾಚಾರವನ್ನು ಕುರಿತ ನಮ್ಮ ಬರೆಹಗಳು ಬಹುಮಟ್ಟಿಗೆ ಭಕ್ಷ್ಯಾಭಕ್ಷ್ಯಗಳ ವಿವೇಚನೆಯಲ್ಲಿ ಆರಂಭವಾಗಿ ಅಲ್ಲಿಯೇ ಮುಕ್ತಾಯವಾಗುತ್ತವೆ. ಯಾವುದನ್ನು ಉಣ್ಣಬೇಕು, ಯಾವುದನ್ನು ಉಣ್ಣಬಾರದು ಎಂಬುದು ತಿಳಿದರೆ ಅರ್ಧ ಧರ್ಮ ತಿಳಿದಂತೆಯೇ ಎಂದು ಮನೆಗಳಲ್ಲಿ ಮಕ್ಕಳಿಗೆ ಕಲಿಸುತ್ತ ಬಂದಿದ್ದೇವೆ. ಆದರೆ ಒಕ್ಕಲುತನ ಮಾಡುವ ಶ್ರಾವಕನಿಗೆ ಅಡುಗೆಮನೆಯ ಹೊಸ್ತಿಲಿನ ಆಚೆಗೂ ಪ್ರಶ್ನೆಗಳಿವೆ. ತಾನು ಉಣ್ಣದ ವಸ್ತುವನ್ನು ತನ್ನ ಹೊಲದ ಕಸದಿಂದ ಬೇರೊಬ್ಬರು ಬೆಳೆದು, ಮತ್ತೊಬ್ಬರು ಕೊಂಡು ಉಣ್ಣುವುದಾದರೆ ಅದರಲ್ಲಿ ಅವನ ಪಾಲು ಎಷ್ಟು? ಈ ಪ್ರಶ್ನೆ 2021ರ ದೀಪಾವಳಿಯ ಹಿಂದುಮುಂದಿನ ದಿನಗಳಲ್ಲಿ ನಮ್ಮ ಮನೆಯ ಪಡಸಾಲೆಗೇ ಬಂದು ಕುಳಿತಿತು. ಅದು ಇನ್ನೂ ಪೂರ್ತಿ ಎದ್ದು ಹೋಗಿಲ್ಲ.

ನಮ್ಮದು ಚಿಕ್ಕೋಡಿ ತಾಲೂಕಿನ ಒಂದು ಹಳ್ಳಿ. ಕಬ್ಬು ಮುಖ್ಯ ಬೆಳೆ. ಮುಂಗಾರಿನಲ್ಲಿ ಸೋಯಾಬೀನ್, ಹಿಂಗಾರಿನಲ್ಲಿ ಜೋಳ, ಗೋಧಿ. ನಾನು ಬಹುಕಾಲ ಪ್ರೌಢಶಾಲೆಯ ಶಿಕ್ಷಕನಾಗಿದ್ದು ನಿವೃತ್ತನಾದ ಬಳಿಕ ಊರಿಗೆ ಮರಳಿದವನು. ಒಕ್ಕಲುತನವನ್ನೆಲ್ಲ ತಮ್ಮನೇ ನೋಡಿಕೊಳ್ಳುತ್ತಾನೆ. ಕೊನೆಯ ಜೋಡಿ ಎತ್ತುಗಳು ಮುಪ್ಪಿನಿಂದ ತೀರಿಹೋದ ಮೇಲೆ ಹಿತ್ತಲ ಕೊಟ್ಟಿಗೆ ಬರಿದಾಗಿತ್ತು. ನಮ್ಮ ಹೊಲಗಳಲ್ಲಿ ಕಳೆ ತೆಗೆಯಲು, ಸೋಯಾ ಕೊಯ್ಯಲು ಬರುವ ಹತ್ತು ಮಂದಿ ಹೆಣ್ಣುಮಕ್ಕಳು ಸೇರಿ ಒಂದು ಸ್ವಸಹಾಯ ಸಂಘ ಮಾಡಿಕೊಂಡಿದ್ದಾರೆ. ಅವರು ಎಲ್ಲಿಯೋ ಐದು ದಿನಗಳ ತರಬೇತಿ ಪಡೆದು ಬಂದು ತಮ್ಮನನ್ನು ಎರಡು ಬೇಡಿದರು: ಬರಿದಾದ ಆ ಕೊಟ್ಟಿಗೆ, ಮತ್ತು ಹೊಲದಲ್ಲಿ ಉಳಿಯುವ ಸೋಯಾ ಹೊಟ್ಟು, ಕಬ್ಬಿನ ರವದಿ. ಏತಕ್ಕೆಂದು ಕೇಳಿದಾಗ ತುಸು ಸಂಕೋಚದಿಂದಲೇ ಹೇಳಿದರು, ಅಣಬೆ ಬೆಳೆಯುವುದಕ್ಕೆ.

ನಮ್ಮ ಮನೆಯಲ್ಲಿ ಆ ಶಬ್ದವನ್ನು ಉಚ್ಚರಿಸುವ ಪ್ರಸಂಗವೇ ಅಪರೂಪ. ತೊಂಬತ್ತರ ಹತ್ತಿರದ ನಮ್ಮ ತಾಯಿ ಸೋಸದ ನೀರು ಮುಟ್ಟುವವರಲ್ಲ, ಸೂರ್ಯಾಸ್ತದ ಬಳಿಕ ತುತ್ತು ಎತ್ತುವವರಲ್ಲ. ಚಾತುರ್ಮಾಸದಲ್ಲಿ ತೊಪ್ಪಲು ಪಲ್ಲೆಯನ್ನೂ ಬಿಡುತ್ತಾರೆ. ಸಂಘದ ಮುಂದಾಳು ಹೆಣ್ಣುಮಗಳು ಅವರ ಎದುರಿಗೇ, "ಅವ್ವಾರ, ನೀವು ಸುಡೂ ಕಸಾನ ಕೇಳಾಕತ್ತೀವ್ರಿ, ಮತ್ತೇನಿಲ್ಲ" ಎಂದಳು. ತಾಯಿ ಏನೂ ಉತ್ತರಿಸಲಿಲ್ಲ. ಅವರು ಹೋದ ಮೇಲೆ ನನ್ನ ಕಡೆಗೆ ತಿರುಗಿ, "ಶಾಸ್ತ್ರಾ ಓದಿದಾಂವ ನೀನು. ನೀನ ಹೇಳು" ಎಂದರು.

ಶಾಸ್ತ್ರವೇನು ಹೇಳುತ್ತದೆ ಎಂಬುದನ್ನು ಮೊದಲು ನೋಡಬೇಕಾಯಿತು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಮೂಲಂಗಿ, ಹಸಿಶುಂಠಿ, ಬೆಣ್ಣೆ, ಬೇವಿನ ಹೂವು, ಕೇದಗೆ ಮೊದಲಾದವನ್ನು ಬಿಡಬೇಕೆನ್ನುವಾಗ ಕೊಡುವ ಕಾರಣ ಸರಳವಾದದ್ದು: ದೊರೆಯುವ ಫಲ ಸ್ವಲ್ಪ, ಆಗುವ ಜೀವಘಾತ ಬಹಳ. ಅಲ್ಲಿ ಅಣಬೆಯ ಹೆಸರಿಲ್ಲ. ಆದರೆ ವಟ್ಟಕೇರರ ಮೂಲಾಚಾರದಲ್ಲಿ ವನಸ್ಪತಿಕಾಯದ ವಿವರಣೆ ಬರುವಲ್ಲಿ ಕವಕ, ಕುಹಣ ಎಂಬಂಥ ಹೆಸರುಗಳಿವೆ. ಕಸದಲ್ಲಿ ಏಳುವ ಕೊಡೆಗಳಿಗೂ ಹಳಸಿದ ಆಹಾರದ ಮೇಲೆ ಹೂವಿನಂತೆ ಹರಡುವ ಬೂಷ್ಟಿಗೂ ವ್ಯಾಖ್ಯಾನಕಾರರು ಅವನ್ನು ಅನ್ವಯಿಸಿದ್ದಾರೆ. ಇವು ಅನಂತಕಾಯಗಳೆಂದು, ಒಂದೇ ಶರೀರವನ್ನು ಎಣಿಕೆಯಿಲ್ಲದ ಜೀವಗಳು ಹಂಚಿಕೊಂಡಿರುತ್ತವೆಂದು ನಮ್ಮ ಪರಂಪರೆ ನಂಬುತ್ತದೆ. ಆದ್ದರಿಂದ ಶ್ರಾವಕನಿಗೆ ಅಣಬೆ ಅಭಕ್ಷ್ಯ. ಈ ಅಂಶದಲ್ಲಿ ನನಗೆ ಸಂದೇಹವಿಲ್ಲ, ಇದನ್ನು ಸಡಿಲಿಸುವ ಉದ್ದೇಶದಿಂದ ಈ ಲೇಖನ ಬರೆಯುತ್ತಿಲ್ಲ.

ಇಲ್ಲಿ ಒಂದು ಮಾತು. ನಮ್ಮ ಪತ್ರಿಕೆಗಳಲ್ಲಿ ಪ್ರತಿಯೊಂದು ಶಾಸ್ತ್ರವಾಕ್ಯಕ್ಕೂ ವಿಜ್ಞಾನದ ಮುದ್ರೆ ಒತ್ತಿಸುವ ಚಪಲ ಹೆಚ್ಚು. 1969ರಲ್ಲಿ ವಿಟೇಕರ್ ಎಂಬ ಅಮೆರಿಕದ ವಿಜ್ಞಾನಿ ಶಿಲೀಂಧ್ರಗಳನ್ನು ಸಸ್ಯಗಳಿಂದ ಬೇರ್ಪಡಿಸಿ ಪ್ರತ್ಯೇಕ ಸಾಮ್ರಾಜ್ಯವನ್ನಾಗಿ ಗಣಿಸಿದನು. ಈಗಿನ ಜೀವವಿಜ್ಞಾನಿಗಳು ವಂಶಾವಳಿಯಲ್ಲಿ ಅವು ಸಸ್ಯಗಳಿಗಿಂತ ಪ್ರಾಣಿಗಳಿಗೇ ಹತ್ತಿರವೆನ್ನುತ್ತಾರೆ. ಕೀಟಗಳ ಹೊರಕವಚದಲ್ಲಿರುವ ಕೈಟಿನ್ ಎಂಬ ದ್ರವ್ಯವೇ ಅಣಬೆಯ ಕೋಶಭಿತ್ತಿಯಲ್ಲಿಯೂ ಇದೆ. "ನೋಡಿರಿ, ಅಣಬೆ ಸಸ್ಯವಲ್ಲವೆಂದು ನಮ್ಮವರು ಮೊದಲೇ ಬಲ್ಲರು" ಎಂದು ಇದರ ಆಧಾರದ ಮೇಲೆ ಭಾಷಣ ಮಾಡುವವರನ್ನು ಕೇಳಿದ್ದೇನೆ. ಮೂಲಾಚಾರ ಅದನ್ನು ಇರಿಸಿರುವುದು ವನಸ್ಪತಿಕಾಯದಲ್ಲಿಯೇ ಎಂಬುದನ್ನು ಅವರು ಮರೆಯುತ್ತಾರೆ. ಎರಡು ವರ್ಗೀಕರಣಗಳ ಉದ್ದೇಶವೇ ಬೇರೆ. ಒಂದು ಜೀವದ ಒಡಲನ್ನು ಅರಿಯಲು, ಇನ್ನೊಂದು ನಮ್ಮ ಕೈಯನ್ನು ಹಿಡಿದು ನಿಲ್ಲಿಸಲು.

ಇನ್ನು ಅಣಬೆಯ ಬೇಸಾಯದ ಚರಿತ್ರೆ. ಗುಂಡಿ ಅಣಬೆಗೆ ಕಾಂಪೋಸ್ಟು, ತಂಪು ಕೋಣೆ ಮೊದಲಾದ ದೊಡ್ಡ ಸಿದ್ಧತೆ ಬೇಕು. ಚಿಪ್ಪಣಬೆ ಹಾಗಲ್ಲ, ಕಾಡಿನಲ್ಲಿ ಸತ್ತ ಮರದ ಮೇಲೆ ಚಿಪ್ಪಿನಾಕಾರದಲ್ಲಿ ಪದರಪದರವಾಗಿ ಏಳುವಂಥದು. ಇದನ್ನು ಮನುಷ್ಯರು ಬೆಳೆಸತೊಡಗಿದ್ದು ಹಸಿವಿನ ಕಾಲದಲ್ಲಿ. ಮೊದಲನೆಯ ಮಹಾಯುದ್ಧದ ನಡುವೆ, 1917ರಲ್ಲಿ, ಜರ್ಮನಿಯ ರಿಚರ್ಡ್ ಫಾಲ್ಕ್ ಕಡಿದ ಮರಗಳ ಬುಡಗಳ ಮೇಲೆ ಇದನ್ನು ಬೆಳೆಯುವ ಕ್ರಮವನ್ನು ಪ್ರಕಟಿಸಿದನು. ಭತ್ತದ ಹುಲ್ಲಿನ ಮೇಲೆ ಬೆಳೆಯುವ ವಿಧಾನ ರೂಪುಗೊಂಡದ್ದು ನಮ್ಮ ಮೈಸೂರಿನಲ್ಲಿಯೇ ಎಂಬುದು ಅನೇಕರಿಗೆ ತಿಳಿಯದು. ಅಲ್ಲಿಯ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದಲ್ಲಿ ಝಕಿಯಾ ಬಾನೊ ಮತ್ತು ಶ್ರೀವಾಸ್ತವ ಅವರು 1962ರಲ್ಲಿ ಇದನ್ನು ಕುರಿತು ಬರೆದರು. ಹಿಮಾಲಯದ ತಪ್ಪಲಿನಲ್ಲಿ ಧಿಂಗ್ರಿ ಎಂದು ಕರೆಯುವ ಬೂದುಬಣ್ಣದ ಜಾತಿಯ ಬೇಸಾಯವನ್ನು 1974ರಲ್ಲಿ ಜಾಂಡೈಕ್ ಮತ್ತು ಕಪೂರ್ ವಿವರಿಸಿದರು. ಆಮೇಲೆ ಇದು ಬಡವರ ಗುಡಿಸಲಿಗೂ ಬಂದಿತು. ಹುಲ್ಲು, ಹೊಟ್ಟು, ರವದಿ, ಮೆಕ್ಕೆಜೋಳದ ದಂಟು, ಗರಗಸದ ಪುಡಿ, ಯಾವುದಾದರೂ ಆದೀತು. ಮರಕ್ಕೆ ಬಿಗುವು ಕೊಡುವ ಲಿಗ್ನಿನ್ ಎಂಬ ಅಂಟನ್ನು ಕರಗಿಸಬಲ್ಲ ಜೀವಿಗಳು ಲೋಕದಲ್ಲಿ ಹೆಚ್ಚಿಲ್ಲ. ಚಿಪ್ಪಣಬೆಯ ಬಿಳಿಯ ಎಳೆಗಳು ಆ ಕೆಲಸವನ್ನು ಮಾಡುತ್ತವೆ.

ಅಂದರೆ ಇದು ಇನ್ನೊಬ್ಬರ ಬೆಳೆಯ ಮೇಲೆ ಬೆಳೆಯುವುದಲ್ಲ, ಬೆಳೆ ಮುಗಿದ ಮೇಲೆ ಉಳಿದುದರ ಮೇಲೆ ಬೆಳೆಯುವುದು. ನನ್ನ ಮನಸ್ಸು ಮೊದಲು ತುಸು ಮೆತ್ತಗಾದದ್ದು ಇಲ್ಲಿ.

ಆ ಉಳಿದುದಕ್ಕೆ ನಮ್ಮ ಕಡೆ ಏನಾಗುತ್ತದೆ ಎಂಬುದನ್ನು ಹೇಳದೆ ಮುಂದುವರಿಯಲಾಗದು. ಕಬ್ಬು ಕಡಿದ ಮೇಲೆ ಎಕರೆಗೆ ಮೂರು ನಾಲ್ಕು ಟನ್ ಒಣ ರವದಿ ನೆಲದ ಮೇಲೆ ಬಿದ್ದಿರುತ್ತದೆ. ಕೂಳೆ ಬೆಳೆ ಬೇಗ ಚಿಗುರಲೆಂದು, ನೀರು ಹಾಯಿಸಲು ತೊಡಕಾಗದಿರಲೆಂದು ಬಹಳ ಜನ ಅದಕ್ಕೆ ಕಡ್ಡಿ ಗೀರುತ್ತಾರೆ. ಚಳಿಗಾಲದ ಸಂಜೆ ಕೃಷ್ಣೆಯ ದಂಡೆಯ ಊರುಗಳಲ್ಲಿ ನಿಂತು ನೋಡಿದರೆ ಒಂದರ ಹಿಂದೊಂದು ಕೆಂಪು ಗೆರೆಗಳು ಕಾಣುತ್ತವೆ. ಇರುವೆ, ಜೇಡ, ಓತಿಕ್ಯಾತ, ಹಾವಿನ ಮರಿ, ನೆಲದಲ್ಲಿ ಗೂಡು ಮಾಡುವ ಹಕ್ಕಿ, ಎಲ್ಲವೂ ಅದರೊಳಗೆ. ಮಣ್ಣಿಗೆ ಮರಳಬೇಕಾದ ಸಾರಜನಕ ಹೊಗೆಯಾಗಿ ಹೋಗುತ್ತದೆ. ಬೆಂಕಿಯಿಡುವುದನ್ನು ನಮ್ಮ ಆಚಾರ್ಯರು ಕಾಣದೆ ಇರಲಿಲ್ಲ. ಆಶಾಧರ ಪಂಡಿತರು ಸಾಗಾರಧರ್ಮಾಮೃತದಲ್ಲಿ ಎಣಿಸುವ ಹದಿನೈದು ಖರಕರ್ಮಗಳಲ್ಲಿ ದವಪ್ರದ, ಎಂದರೆ ಹುಲ್ಲು ಕಾಡುಗಳಿಗೆ ಬೆಂಕಿಯಿಡುವುದು, ಒಂದಾಗಿದೆ. ಅದೇ ಪಟ್ಟಿಯಲ್ಲಿ ಯಂತ್ರಪೀಡನವೂ ಇದೆ. ಎಳ್ಳನ್ನೋ ಕಬ್ಬನ್ನೋ ಯಂತ್ರದಲ್ಲಿ ಹಿಂಡುವುದು. ಸಕ್ಕರೆ ಕಾರ್ಖಾನೆಯ ಬಿಲ್ಲಿನಿಂದ ಬಸದಿಗೆ ಕಾಣಿಕೆ ಸಲ್ಲಿಸುವ ನಾವು ಆ ಶಬ್ದದ ಮೇಲೆ ಬೆರಳಿಟ್ಟು ಓದುವುದು ಕಡಿಮೆ.

ಆದ್ದರಿಂದ ತೂಕ ಮಾಡಬೇಕಾದದ್ದು ಶುದ್ಧವಾದ ಒಂದು ಮನೆಯನ್ನೂ ಅಶುದ್ಧವಾದ ಒಂದು ವ್ಯವಸಾಯವನ್ನೂ ಅಲ್ಲ.

ಬಸದಿಯ ಪಂಡಿತರ ಬಳಿ ಹೋದೆ. ಅವರು ನಿಷ್ಠುರವಾಗಿಯೇ ಹೇಳಿದರು. ಹಿಂಸೆ ಮೂರು ಬಗೆಯಲ್ಲಿ ನಮ್ಮದಾಗುತ್ತದೆ: ಕೃತ, ಕಾರಿತ, ಅನುಮತ. ಮನಸ್ಸು, ಮಾತು, ದೇಹಗಳಿಂದ ಇವನ್ನು ಗುಣಿಸಿದರೆ ಒಂಬತ್ತು. ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯ ಸಂರಂಭ, ಸಮಾರಂಭ, ಆರಂಭಗಳನ್ನೂ ನಾಲ್ಕು ಕಷಾಯಗಳನ್ನೂ ಸೇರಿಸಿ ನೂರೆಂಟಕ್ಕೆ ಒಯ್ಯುತ್ತದೆ. "ಸ್ಥಳ ಕೊಟ್ಟಿರಿ, ಮೇವು ಕೊಟ್ಟಿರಿ; ಇನ್ನು ನಾವು ಒಪ್ಪಿಲ್ಲ ಎಂದರೆ ಯಾರು ನಂಬಬೇಕು?" ಎಂದು ಕೇಳಿದರು. ಅವರ ಮಾತಿನಲ್ಲಿ ಬಿರುಕಿಲ್ಲ. ನಾನು ಒಂದನ್ನು ಮಾತ್ರ ಕೇಳಿದೆ: ರವದಿ ಕೊಡದೆ ಇದ್ದು, ಅದಕ್ಕೆ ಬೆಂಕಿ ಬೀಳುವುದನ್ನು ಕಂಡು ಸುಮ್ಮನಿದ್ದರೆ ಅದು ಯಾವ ಲೆಕ್ಕಕ್ಕೆ ಸೇರುತ್ತದೆ? ಅದೂ ಅನುಮತವೇ ಎಂದು ಅವರು ಒಪ್ಪಿಕೊಂಡರು. ಹಾಗಾದರೆ ಎರಡನ್ನೂ ಬಿಡಿರಿ ಎಂದರು.

ಎರಡನ್ನೂ ಬಿಡುವುದು ಸಾಧ್ಯವೆಂದು ತಮ್ಮನಿಗೆ ತೋರಿತು. ರವದಿಯನ್ನು ಸಾಲು ಬಿಟ್ಟು ಸಾಲಿಗೆ ಹೊದಿಸಿದರೆ ತೇವ ಉಳಿಯುತ್ತದೆ, ಕಳೆ ಕಡಿಮೆಯಾಗುತ್ತದೆ, ಎರಡು ಮಳೆಗಾಲಗಳಲ್ಲಿ ಮಣ್ಣಾಗುತ್ತದೆ. ಲೆಕ್ಕ ಹಾಕಿದರೆ ಆ ದಾರಿಯೇ ದೊಡ್ಡದು. ಹೆಣ್ಣುಮಕ್ಕಳು ತಿಂಗಳಿಗೆ ನೂರು ಚೀಲ ಕಟ್ಟುತ್ತೇವೆಂದರು. ಚೀಲಕ್ಕೆ ಒಂದು ಕಿಲೋ ಒಣ ಕಸ. ಬೇಸಿಗೆ ಕಳೆದು ವರ್ಷಕ್ಕೆ ಎಂಟು ತಿಂಗಳು ನಡೆದರೂ ಎಂಟುನೂರು ಕಿಲೋ ಆಯಿತು. ನಮ್ಮ ನಾಲ್ಕು ಎಕರೆ ಕಬ್ಬಿನ ರವದಿಯೇ ಹನ್ನೆರಡು ಟನ್ನಿಗೆ ಕಡಿಮೆಯಿಲ್ಲ. ಅಣಬೆ ಬೆಳೆದರೆ ಹೊಲದ ಬೆಂಕಿ ನಿಲ್ಲುತ್ತದೆ ಎಂದು ಸಭೆಗಳಲ್ಲಿ ಹೇಳುವವರು ಈ ಲೆಕ್ಕವನ್ನು ಮಾಡಿದಂತೆ ಕಾಣುವುದಿಲ್ಲ. ಆದರೂ ಒಂದು ಮಾತು ನಿಜ. ಇಷ್ಟು ವರ್ಷ ಯಾರಿಗೂ ಬೇಡವಾಗಿದ್ದ ಕಸವನ್ನು ಯಾರೋ ಬಂದು ಬೇಡಿದ್ದರಿಂದಲೇ ತಮ್ಮನು ಅದನ್ನು ಕಸವಲ್ಲವೆಂದು ನೋಡತೊಡಗಿದ್ದು. ಆ ವರ್ಷದಿಂದ ನಮ್ಮ ಹೊಲದಲ್ಲಿ ಬೆಂಕಿಯಿಲ್ಲ.

ಕೊನೆಗೆ ನಿರ್ಣಯವನ್ನು ತಾಯಿಯೇ ಮಾಡಿದರು. "ಕೊಟ್ಟಿಗಿ ಕೊಡ್ರಿ, ಕಸಾ ಒಯ್ಯಲಿ. ಬಾಡಿಗಿ ಅಂತ ಒಂದ ರೂಪಾಯಿ ನಮ್ಮನಿಗೆ ಬರಬಾರದು. ನಮ್ಮ ಒಲಿ ಮ್ಯಾಲ ಅದರ ಪಾತೇಲಿ ಏರಬಾರದು." ಫಲದಲ್ಲಿ ಪಾಲು ಬೇಡವೆಂದರೆ ಕರ್ಮದಲ್ಲಿಯೂ ಪಾಲು ಕಡಿಮೆ ಎಂಬುದು ಅವರ ಭಾವನೆ. ತಮ್ಮನ ಮಗ ಕೃಷಿ ಡಿಪ್ಲೊಮಾ ಓದಿದವನು, ಅವನು ನಗುತ್ತ, "ಬಾಡಿಗಿ ತೊಗೊಳ್ಳದಿದ್ರ ಚೀಲದಾಗಿನ ಜೀವಾ ಉಳಿತಾವೇನು ದೊಡ್ಡಪ್ಪಾ?" ಎಂದು ನನ್ನನ್ನು ಕೇಳಿದನು. ಉಳಿಯುವುದಿಲ್ಲ. ಆದರೆ ನಮ್ಮ ದರ್ಶನದಲ್ಲಿ ಹಿಂಸೆಯ ಮೂಲ ಪ್ರಮಾದ ಮತ್ತು ಕಷಾಯ, ಲೋಭ ಅವುಗಳಲ್ಲೊಂದು. ಅದಕ್ಕೆ ಪ್ರವೇಶವಿಲ್ಲದಂತೆ ಬಾಗಿಲು ಹಾಕುವುದನ್ನು ಮುದುಕಿಯ ಮಡಿವಂತಿಕೆ ಎಂದು ತಳ್ಳಿಹಾಕುವುದು ನನ್ನಿಂದಾಗಲಿಲ್ಲ.

ಕೆಲಸ ಆರಂಭವಾದ ಮೇಲೆ ನಾನು ಕೊಟ್ಟಿಗೆಗೆ ಹೋಗಿ ಕೂಡುತ್ತಿದ್ದೆ. ನಿವೃತ್ತ ಮಾಸ್ತರನಿಗೆ ಬೇರೆ ಕೆಲಸವೂ ಇರಲಿಲ್ಲ, ಕುತೂಹಲವೂ ಇತ್ತು. ಹೊಟ್ಟನ್ನೂ ರವದಿಯನ್ನೂ ಎರಡು ಮೂರು ಅಂಗುಲದ ತುಂಡುಗಳಾಗಿ ಕತ್ತರಿಸಿ, ಗೋಣಿಚೀಲದಲ್ಲಿ ತುಂಬಿ ರಾತ್ರಿಯೆಲ್ಲ ನೀರಿನಲ್ಲಿ ನೆನೆಸುತ್ತಾರೆ. ಮರುದಿನ ದೊಡ್ಡ ಡ್ರಮ್ಮಿನಲ್ಲಿ, ಕುದಿಯುವುದಕ್ಕಿಂತ ತುಸು ಕೆಳಗೆ, ಸುಮಾರು 80 ಡಿಗ್ರಿ ಬಿಸಿಯಲ್ಲಿ ಒಂದು ಗಂಟೆಗೂ ಹೆಚ್ಚು ಹೊತ್ತು ಇಡುತ್ತಾರೆ. ಬಳಿಕ ನೀರು ಬಸಿದು ಆರಲು ಹರಡುತ್ತಾರೆ. ಹಿಡಿ ಹೊಟ್ಟನ್ನು ಮುಷ್ಟಿಯಲ್ಲಿ ಹಿಂಡಿದರೆ ಹನಿ ಬೀಳಬಾರದು, ಅಂಗೈ ಮಾತ್ರ ಒದ್ದೆಯಾಗಬೇಕು, ಇದು ಹದ. ಈ ಹದವನ್ನು ಕಲಿಯಲು ಅವರಿಗೆ ಎರಡು ಕಂತು ಬೇಕಾದವು. ಮೊದಲ ಕಂತಿನ ಅರ್ಧ ಚೀಲಗಳು ಹಸಿರು ಬೂಷ್ಟು ಹಿಡಿದು ಹೋದವು. ಆಮೇಲೆ ಪ್ಲಾಸ್ಟಿಕ್ ಚೀಲದಲ್ಲಿ ಹೊಟ್ಟಿನ ಒಂದು ಪದರ, ಅಂಚಿಗೆ ಒಂದಿಷ್ಟು ಬೀಜ, ಮತ್ತೆ ಹೊಟ್ಟು, ಹೀಗೆ ತುಂಬಿ ಬಾಯಿ ಕಟ್ಟಿ ಅಲ್ಲಲ್ಲಿ ರಂಧ್ರ ಮಾಡುತ್ತಾರೆ. ಬೀಜವೆಂಬುದು ಬೀಜವಲ್ಲ. ಬೇಯಿಸಿ ಶುದ್ಧಿಗೊಳಿಸಿದ ಜೋಳದ ಕಾಳುಗಳ ಮೇಲೆ ಹಬ್ಬಿಸಿದ ಅಣಬೆಯ ಎಳೆಗಳು.

ಕತ್ತಲೆಯಲ್ಲಿ ಹದಿನೈದಿಪ್ಪತ್ತು ದಿನ ಇಟ್ಟರೆ ಚೀಲವೆಲ್ಲ ಹತ್ತಿ ತುಂಬಿದಂತೆ ಬೆಳ್ಳಗಾಗುತ್ತದೆ. ಆಗ ಪ್ಲಾಸ್ಟಿಕ್ ಸೀಳಿ, ಬೆಳಕು ಗಾಳಿ ಬಿಟ್ಟು, ದಿನಕ್ಕೆರಡು ಸಲ ನೀರು ಸಿಂಪಡಿಸಬೇಕು. ನಾಲ್ಕಾರು ದಿನಗಳಲ್ಲಿ ಸೂಜಿಯ ತಲೆಯಂಥ ಮೊಗ್ಗು ಕಾಣುತ್ತವೆ. ಮತ್ತೆ ಮೂರು ದಿನಕ್ಕೆ ಅಂಗೈಯಗಲ. ಅಂಚು ಸುರುಟುವ ಮೊದಲೇ ತಿರುವಿ ಕೀಳಬೇಕು. ತಡವಾದರೆ ಬೀಜಾಣುಗಳ ಧೂಳು ಹಾರಿ ಕೆಲಸದವರಿಗೆ ಕೆಮ್ಮು ಹಿಡಿಯುತ್ತದೆ. ಮೂಗಿಗೆ ಬಟ್ಟೆ ಕಟ್ಟಿಕೊಳ್ಳಬೇಕೆಂದು ನಾನು ಎಷ್ಟು ಹೇಳಿದರೂ ಕೇಳುವವರು ಅವರಲ್ಲಿ ಮೂವರು ಮಾತ್ರ. ವಾರ ಹತ್ತು ದಿನಗಳ ಅಂತರದಲ್ಲಿ ಒಂದೇ ಚೀಲ ಮೂರು ಸಲ ಕೊಡುತ್ತದೆ. ಸೋಯಾ ಹೊಟ್ಟು ಹೆಚ್ಚಾಗಿದ್ದ ಚೀಲಗಳಲ್ಲಿ ಕಿಲೋಗೆ ಮುಕ್ಕಾಲು ಕಿಲೋ ಹಸಿ ಅಣಬೆ ಬಂದಿತು. ರವದಿಯೇ ಹೆಚ್ಚಾಗಿದ್ದವುಗಳಲ್ಲಿ ಅರ್ಧ ಕಿಲೋ ಆಗುವುದೇ ಕಷ್ಟ. ತಾಲೂಕಿನ ಸಾಮಿಲ್ಲಿನವನೊಬ್ಬನು ಗರಗಸದ ಪುಡಿಯನ್ನು ಪುಕ್ಕಟೆ ಕೊಡುತ್ತೇನೆಂದನು. ಅದಕ್ಕೆ ತೌಡು ಬೆರೆಸಬೇಕು, ಬಿಸಿನೀರು ಸಾಲದು, ಒತ್ತಡದ ಹಬೆಯಲ್ಲಿ ಬೇಯಿಸಬೇಕು. ಅಷ್ಟು ಸಾಮಗ್ರಿ ಅವರಲ್ಲಿರಲಿಲ್ಲ. ಆ ಮಾತು ಅಲ್ಲಿಗೇ ನಿಂತಿತು.

ಈ ವಿವರಗಳನ್ನೆಲ್ಲ ಬರೆದದ್ದು ಬೇಸಾಯ ಕಲಿಸಲೆಂದಲ್ಲ. ಜೀವದಯೆಯ ಕಣ್ಣಿನಿಂದ ನೋಡುವವನಿಗೆ ಇಲ್ಲಿಯ ಪ್ರತಿ ಹೆಜ್ಜೆಯಲ್ಲಿಯೂ ಏನೋ ಒಂದು ಸಾಯುತ್ತದೆ. ಬಿಸಿನೀರಿನ ಉದ್ದೇಶವೇ ಹೊಟ್ಟಿನಲ್ಲಿರುವ ಬೇರೆಲ್ಲ ಜೀವಿಗಳನ್ನು ತೆಗೆದು ಒಂದಕ್ಕೇ ಸ್ಥಳ ಮಾಡುವುದು. ತರಬೇತಿಯಲ್ಲಿ ಇನ್ನೊಂದು ಕ್ರಮವನ್ನೂ ಹೇಳಿಕೊಟ್ಟಿದ್ದರು: ನೂರು ಲೀಟರ್ ನೀರಿಗೆ 7.5 ಗ್ರಾಂ ಕಾರ್ಬೆಂಡಾಜಿಮ್, 125 ಮಿಲಿಲೀಟರ್ ಫಾರ್ಮಲಿನ್ ಬೆರೆಸಿ ಹದಿನೆಂಟು ಗಂಟೆ ನೆನೆಸುವುದು. ಅದರಿಂದ ಉರುವಲು ಉಳಿಯುತ್ತದೆ. ಆದರೆ ಆ ನೀರನ್ನು ಎಲ್ಲಿ ಚೆಲ್ಲುವುದು? ಹಿತ್ತಲ ಬಾವಿ ಇಪ್ಪತ್ತು ಮಾರು ದೂರದಲ್ಲಿದೆ. ಕೊಟ್ಟಿಗೆ ಕೊಡುವಾಗ ನಾವು ಹಾಕಿದ ಕಟ್ಟಳೆಗಳಲ್ಲಿ ಒಂದು, ಈ ಔಷಧಿ ನಮ್ಮ ಹಿತ್ತಲಿಗೆ ಬರಬಾರದೆಂಬುದು. ಎರಡನೆಯದು, ಅಣಬೆಗೆ ಮುತ್ತುವ ಸಣ್ಣ ನೊಣಗಳಿಗೆ ವಿಷ ಹೊಡೆಯಬಾರದೆಂಬುದು. ಆ ನೊಣ ನಮ್ಮ ಗಣನೆಯಲ್ಲಿ ಚತುರಿಂದ್ರಿಯ ಜೀವ. ಬಾಗಿಲು ಕಿಟಕಿಗಳಿಗೆ ನಾವೇ ದುಡ್ಡು ಹಾಕಿ ಸಣ್ಣ ಕಣ್ಣಿನ ನೈಲಾನ್ ಜಾಲರಿ ಬಡಿಸಿಕೊಟ್ಟೆವು. ಒಳಬರದಂತೆ ತಡೆದರೆ ಕೊಲ್ಲುವ ಪ್ರಸಂಗವೇ ಬಾರದು. ಸೋಸಿದ ನೀರಿನ ಬಟ್ಟೆಯೂ ಅದೇ ಬುದ್ಧಿಯದಲ್ಲವೆ?

ಅಣಬೆಯೂ ನಾವು ತಿಳಿದಷ್ಟು ಸಾಧುವಲ್ಲ. 1984ರಲ್ಲಿ ಕೆನಡಾದ ಥಾರ್ನ್ ಮತ್ತು ಬ್ಯಾರನ್ ಎಂಬ ವಿಜ್ಞಾನಿಗಳು ಚಿಪ್ಪಣಬೆಯ ಎಳೆಗಳು ಮರದೊಳಗಿನ ಸೂಕ್ಷ್ಮವಾದ ದುಂಡುಹುಳುಗಳನ್ನು ನಿಶ್ಚೇಷ್ಟಗೊಳಿಸಿ, ಒಳಹೊಕ್ಕು, ಹೀರಿಕೊಳ್ಳುತ್ತವೆ ಎಂದು ತೋರಿಸಿದರು. ಮರದಲ್ಲಿ ಸಾರಜನಕ ಬಹಳ ಕಡಿಮೆ; ಅದನ್ನು ಹೀಗೆ ಸಂಪಾದಿಸಿಕೊಳ್ಳುತ್ತದೆ. ಆ ವಿಷ 3-ಆಕ್ಟನೋನ್ ಎಂಬ ಆವಿರೂಪದ ದ್ರವ್ಯವೆಂದು 2023ರಲ್ಲಿ ತೈವಾನಿನ ಸಂಶೋಧಕರು ಕಂಡುಹಿಡಿದರು. ಹುಳು ದ್ವೀಂದ್ರಿಯ, ತ್ರಸಜೀವ. ಅದನ್ನು ತಿನ್ನುವುದು ನಾವು ಏಕೇಂದ್ರಿಯವೆಂದು ಎಣಿಸುವ ಒಂದು ಜೀವ. ಈ ಸಂಗತಿಯನ್ನು ತಮ್ಮನ ಮಗ ಓದಿ ಹೇಳಿದಾಗ ತಾಯಿ ಬಹಳ ಹೊತ್ತು ಮೌನವಾಗಿದ್ದು, "ಸಂಸಾರ ಅಂದ್ರ ಅದ ಅಲ್ಲೇನಪಾ" ಎಂದಷ್ಟೇ ನುಡಿದರು. ಕುದಿನೀರು ಕಂಡ ಹೊಟ್ಟಿನಲ್ಲಿ ಅಂಥ ಹುಳುಗಳು ಉಳಿದಿರಲಾರವು ಎಂದು ಸಮಾಧಾನ ಹೇಳಬಹುದಿತ್ತು. ಅವುಗಳನ್ನು ಕೊಂದದ್ದು ಆಗ ಅಣಬೆಯಲ್ಲ, ಮನುಷ್ಯ ಎಂದಷ್ಟೇ ಅದರ ಅರ್ಥವಾಗುತ್ತಿತ್ತು. ನಾನು ಹೇಳಲಿಲ್ಲ.

ಒಂದು ವಾದವನ್ನು ನಾನು ಬಹಳ ದಿನ ಮನಸ್ಸಿನಲ್ಲಿಯೇ ತಿರುವಿ ನೋಡಿದ್ದೇನೆ. ಆ ಹೆಣ್ಣುಮಕ್ಕಳ ಮನೆಗಳಲ್ಲಿ ಸಂತೆಯ ದಿನ ಕೋಳಿ ಬೇಯುವುದು ರೂಢಿ. ಅಣಬೆ ಬಂದ ಮೇಲೆ ಮಾರಾಟವಾಗದೆ ಉಳಿದದ್ದು ಅವರ ಒಲೆಗೆ ಹೋಗುತ್ತದೆ. ಎಷ್ಟೋ ವಾರ ಕೋಳಿಯನ್ನು ತರುವುದೇ ಇಲ್ಲವೆಂದು ಮುಂದಾಳು ಹೆಣ್ಣುಮಗಳು ಹೇಳಿದಳು, ಖರ್ಚಿನ ದೃಷ್ಟಿಯಿಂದ. ಪಂಚೇಂದ್ರಿಯ ಜೀವವೊಂದು ಉಳಿಯಿತು. ಅನಂತಕಾಯದಲ್ಲಿ ಅನಂತ ಜೀವಗಳಿವೆ, ಆದ್ದರಿಂದ ಒಂದು ಕೋಳಿಗಿಂತ ಒಂದು ಅಣಬೆಯಲ್ಲಿಯೇ ಪಾಪ ಹೆಚ್ಚು ಎಂದು ವಾದಿಸಿದವರೂ ನಮ್ಮೂರಿನಲ್ಲಿದ್ದಾರೆ. ಇದಕ್ಕೆ ಅಮೃತಚಂದ್ರಸೂರಿಗಳು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಬಹಳ ಹಿಂದೆಯೇ ಉತ್ತರ ಕೊಟ್ಟಿದ್ದಾರೆ. ಅನೇಕ ಸಣ್ಣ ಜೀವಗಳನ್ನು ಕೊಲ್ಲುವುದಕ್ಕಿಂತ ದೊಡ್ಡದೊಂದನ್ನು ಕೊಲ್ಲುವುದು ಲೇಸೆಂಬ ತರ್ಕವನ್ನು ಅವರು ಹೆಸರಿಸಿ ನಿರಾಕರಿಸುತ್ತಾರೆ. ಜೀವಗಳ ತಲೆಯೆಣಿಕೆ ಮಾಡಿ ಕೋಳಿಯನ್ನು ನಿರ್ದೋಷವಾಗಿಸಲಾಗದು. ಹಾಗೆಂದು ಅಣಬೆಯನ್ನು ಪುಣ್ಯದ ಬೆಳೆಯೆಂದು ಕರೆಯಲೂ ಆಗದು. ಇತರರ ತಟ್ಟೆಯಲ್ಲಿ ಹಿಂಸೆ ಕಡಿಮೆಯಾಯಿತೆಂದು ನಾವು ಸಂತೋಷಪಡುವಾಗ ಆ ಸಂತೋಷದಲ್ಲಿ ನಮ್ಮ ಕೊಟ್ಟಿಗೆಯ ಸಮರ್ಥನೆಯೂ ಬೆರೆತಿರುತ್ತದೆ. ಅದನ್ನು ಬೇರ್ಪಡಿಸಿ ನೋಡುವುದು ಕಷ್ಟ. ಉಣ್ಣದವರು ನಾವು, ನಿಜ. ಆದರೆ ಉಣ್ಣದಿದ್ದರೂ ಬದುಕುವಷ್ಟು ತೊಗರಿ, ಹೆಸರು, ಹಾಲು ನಮ್ಮ ಮನೆಯಲ್ಲಿದೆ. ಅವರ ಮನೆಯಲ್ಲಿ ಅದು ಯಾವಾಗಲೂ ಇರುವುದಿಲ್ಲ.

ಊರಿನಲ್ಲಿ ಮಾತು ಬರದೆ ಇರಲಿಲ್ಲ. ದಶಲಕ್ಷಣ ಪರ್ವದ ಒಂದು ಸಭೆಯಲ್ಲಿ, ಹೆಸರು ಹೇಳದೆ, ಜೈನರ ಹಿತ್ತಲಿನಲ್ಲಿ ಏನೇನು ಬೆಳೆಯುತ್ತಿದೆ ನೋಡಿರಿ ಎಂದು ಒಬ್ಬರು ಆಡಿದರು. ಅವರ ಹೊಲದಲ್ಲಿ ಪ್ರತಿವರ್ಷ ಈರುಳ್ಳಿ ಬೆಳೆಯುತ್ತದೆ. ಅವರ ಮನೆಯಲ್ಲಿ ಈರುಳ್ಳಿ ಉಣ್ಣುವುದಿಲ್ಲ. ತಮ್ಮನಿಗೆ ಎದ್ದು ಹೇಳುವ ಮನಸ್ಸಾಯಿತು. ನಾನು ತೊಡೆಯ ಮೇಲೆ ಕೈಯಿಟ್ಟು ಕೂಡಿಸಿದೆ. ಕ್ಷಮೆಯ ಪರ್ವದಲ್ಲಿ ಈರುಳ್ಳಿಯ ಲೆಕ್ಕ ತೆಗೆಯುವುದು ಬೇಡವೆನಿಸಿತು, ಜತೆಗೆ ಅದು ಉತ್ತರವೂ ಆಗುತ್ತಿರಲಿಲ್ಲ.

ಕೊಟ್ಟಿಗೆಯ ವ್ಯವಸ್ಥೆ ಈಗಲೂ ನಡೆದಿದೆ. ಏಪ್ರಿಲ್, ಮೇ ತಿಂಗಳುಗಳಲ್ಲಿ ಸೆಕೆಗೆ ಎಳೆ ಓಡುವುದಿಲ್ಲವಾದ್ದರಿಂದ ಮುಚ್ಚಿರುತ್ತದೆ. ಪರ್ವದ ಹತ್ತು ದಿನ ನಮ್ಮ ತಾಯಿಯ ಮನಸ್ಸಿಗಾಗಿ ಅವರಾಗಿಯೇ ಕೊಯ್ಲಿಲ್ಲದಂತೆ ಚೀಲ ಕಟ್ಟುವ ದಿನಗಳನ್ನು ಹೊಂದಿಸಿಕೊಳ್ಳುತ್ತಾರೆ. ನಾವು ಕೇಳಿರಲಿಲ್ಲ. ಮೂರು ಕೊಯ್ಲು ಮುಗಿದ ಚೀಲದ ಹೊಟ್ಟು ಮೆತ್ತಗೆ, ಕಂದು ಬಣ್ಣಕ್ಕೆ ತಿರುಗಿ, ಹಿಡಿದರೆ ಪುಡಿಯಾಗುತ್ತದೆ. ಅದನ್ನು ಅವರು ನಮ್ಮ ಕಬ್ಬಿನ ಸಾಲಿಗೇ ತಂದು ಸುರಿಯುತ್ತಾರೆ; ಇದಕ್ಕೆ ಬೆಲೆ ಕೊಡುತ್ತೇವೆಂದರೆ ಬೇಡವೆನ್ನುತ್ತಾರೆ. ನಾವು ಬಾಡಿಗೆ ತೆಗೆದುಕೊಳ್ಳುವುದಿಲ್ಲವಲ್ಲ! ಹೀಗೆ ತಾಯಿ ಮುಚ್ಚಿದ ಬಾಗಿಲಿನಿಂದ ಬಾರದ ಫಲ ಹೊಲದ ದಾರಿಯಿಂದ ಬಂದಿತು. ಇದನ್ನು ಅವರಿಗೆ ತಿಳಿಸಿದಾಗ ಅವರು ಲೆಕ್ಕ ಕೇಳಿದರು, ವರ್ಷಕ್ಕೆ ಎಷ್ಟು ಗೊಬ್ಬರವಾಗುತ್ತದೆಂದು. ಅದರ ಬೆಲೆಗೆ ಸರಿಯಾಗಿ ಆ ಹೆಣ್ಣುಮಕ್ಕಳ ಮಕ್ಕಳಿಗೆ ಪಾಟಿ ಪುಸ್ತಕ ಕೊಡಿಸಬೇಕೆಂದು ಕಟ್ಟು ಮಾಡಿದರು. ಜೂನ್ ತಿಂಗಳಲ್ಲಿ ಅದು ನನ್ನ ಕೆಲಸ.

ತಮ್ಮನ ಮಗ ಈಗ ಬೇರೆಯದನ್ನು ಕೇಳುತ್ತಿದ್ದಾನೆ. ಬೀಜವನ್ನು ಅವರು ದೂರದಿಂದ ತರಿಸಬೇಕಾಗಿದೆ, ದಾರಿಯಲ್ಲಿ ಬಿಸಿಗೆ ಕೆಡುತ್ತದೆ. ತಾನೇ ಒಂದು ಸಣ್ಣ ಪ್ರಯೋಗಾಲಯ ಮಾಡಿ ಬೀಜ ತಯಾರಿಸಿ ಅವರಿಗೂ ಸುತ್ತಲಿನವರಿಗೂ ಮಾರುತ್ತೇನೆ ಎನ್ನುತ್ತಾನೆ. ಇದು ಕೊಟ್ಟಿಗೆ ಕೊಟ್ಟಂತಲ್ಲ. ಇಲ್ಲಿ ಅನುಮತವೆಂಬ ಮೂರನೆಯ ಮೆಟ್ಟಿಲಿನಿಂದ ಕೃತವೆಂಬ ಮೊದಲನೆಯದಕ್ಕೆ ಹೋಗುತ್ತೇವೆ. ಲೋಭಕ್ಕೂ ಬಾಗಿಲು ತೆರೆಯುತ್ತದೆ. ನಾನು ಬೇಡವೆಂದಿದ್ದೇನೆ. ಹಾಗಾದರೆ ಕಾರ್ಖಾನೆಗೆ ಕಬ್ಬು ಕಳಿಸುವುದನ್ನೂ ನಿಲ್ಲಿಸೋಣವೇ ಎಂದು ಅವನು ಕೇಳುತ್ತಾನೆ. ಅವನ ಪ್ರಶ್ನೆ ಅಧಿಕಪ್ರಸಂಗವಲ್ಲ. ಆಶಾಧರರ ಪಟ್ಟಿಯನ್ನು ಅವನಿಗೆ ಓದಿ ಹೇಳಿದವನು ನಾನೇ. ಈ ಸಲದ ಕಬ್ಬು ಕಡಿಯುವ ಮುನ್ನ ಮೂವರೂ ಕೂಡಿ ಕುಳಿತು ಮಾತಾಡುವುದೆಂದು ತಮ್ಮನು ಹೇಳಿದ್ದಾನೆ, ತಾಯಿಯ ಮುಂದೆಯೇ.